ಬಂಗುಡೆಯ ಐಸಿನಲ್ಲಿ ಲೈಗೇಸ್

ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ, ಎಷ್ಟು ತಿಕ್ಕಿದರೂ ಬಂಗುಡೆ ಮೀನಿನ ವಾಸನೆ ಬಿಡದ ಒಂದು ಥರ್ಮೋಕೋಲ್ ಪೆಟ್ಟಿಗೆ ಇದೆ. ಶಂಕರನಾರಾಯಣವೆಂಬ ಊರಿನ, ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆಯೊಳಗೆ ಬಂಗುಡೆಗೇನು ಕೆಲಸ ಎಂದು ನೀವು ಹುಬ್ಬೇರಿಸುವ ಮೊದಲು ಲೈಗೇಸ್ ಮಹಾಶಯನ ಪರಿಚಯ ಮಾಡಿಕೊಡುತ್ತೇನೆ. ಅದೊಂದು ಕಿಣ್ವ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳಿಗೇ ಲೋಕದಲ್ಲಿ ಹೆಸರು ಹೆಚ್ಚು. ಇದೋ, ತುಂಡಾದ ತುದಿಗಳನ್ನು ಹೊಲಿಗೆಯ ಗುರುತೂ ಉಳಿಯದಂತೆ ಕೂಡಿಸಿ, ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಒಂದೇ ಹಟ, ತಣ್ಣಗಿರಬೇಕು.

ಉಪ್ಪುನೀರಿಗೆ ಜಗ್ಗದ ಭತ್ತದ ಮೇಲೆ ಕುಂದಾಪುರದ ಕಾಲೇಜಿನಲ್ಲಿ ನಾನು ವರ್ಷವಿಡೀ ದುಡಿದಿದ್ದೆ. ಕೊನೆಯ ಜೋಡಣೆಯ ಹೊತ್ತಿಗೆ ಲೈಗೇಸ್ ಮುಗಿದಿತ್ತು. ಮಂಗಳೂರಿನ ಗೆಳತಿಯೊಬ್ಬಳಿಂದ ಕಾಡಿ ಬೇಡಿ ಒಂದು ಪುಟ್ಟ ನಳಿಕೆಯನ್ನು ಈ ಪೆಟ್ಟಿಗೆಯ ಐಸಿನಲ್ಲಿಟ್ಟು ಬಸ್ಸಿನಲ್ಲಿ ತರುತ್ತಿದ್ದೆ. ಸಾಸ್ತಾನದ ಟೋಲ್ ಹತ್ತಿರ ಬಸ್ಸು ಕೆಟ್ಟು ನಿಂತಿತು. ಉರಿಬಿಸಿಲು. ಮುಚ್ಚಳ ತೆರೆದರೆ ಐಸೆಲ್ಲ ನೀರು. ಕಣ್ಣು ತುಂಬಿ ಬಂತು.

ಹಿಂದಿನ ಸೀಟಿನಲ್ಲಿ, ಕುಂದಾಪುರದ ಮಾರ್ಕೆಟ್ಟಿಗೆ ಮೀನು ಒಯ್ಯುತ್ತಿದ್ದ ಗಿರಿಜಕ್ಕ.

"ಹ್ವಾಯ್, ಎಂತ ಹೆಣ್ಣೇ, ಮಗು ಹಿಡ್ಕಂಡಂಗೆ ಹಿಡ್ಕಂಡಿದ್ಯಲ್ದಾ! ಎಂತಕ್ಕೆ ಅಳುದ್?"

"ಐಸ್ ಕರ್ಗ್ ಹೋಯ್ತ್ ಅಕ್ಕ. ಇದ್ ಬೆಚ್ಚಗಾರೆ ನನ್ ವರ್ಷದ್ ಕೆಲ್ಸ ಹಾಳ್."

ಲೈಗೇಸ್ ಎಂದರೇನು ಎಂದು ಆಕೆ ಕೇಳಲೇ ಇಲ್ಲ. ಬುಟ್ಟಿಯ ಐಸನ್ನು ಬೊಗಸೆ ಬೊಗಸೆ ತೆಗೆದು ನನ್ನ ಪೆಟ್ಟಿಗೆಗೆ ಸುರಿದಳು. ಬೇಡ ಅಕ್ಕ, ಮೀನು ಹಾಳಾಗುತ್ತದೆ ಎಂದೆ.

"ಮೀನ್ ನಾಳೆಯೂ ಬತ್ತ್. ನೀ ಸುಮ್ನೆ ಹಿಡ್ಕ ಮಾರಾಯ್ತಿ."

ಐಸಿಲ್ಲದ ಬಂಗುಡೆಗಳ ಮೇಲೆ ಒದ್ದೆ ಗೋಣಿ ಹೊದೆಸಿ, ಕಿಟಕಿಯಾಚೆ ನೋಡುತ್ತ ಕೂತಳು.

ಲೈಗೇಸ್ ಬದುಕಿತ್ತು. ಎರಡು ದಿನ ಬಿಟ್ಟು ಲ್ಯಾಬಿನ ತಟ್ಟೆಯಲ್ಲಿ, ಜೋಡಣೆ ಸರಿಯಾದರಷ್ಟೇ ಬೆಳೆಯುವ ಬ್ಯಾಕ್ಟೀರಿಯಾದ ರವೆಯಂಥ ಬಿಳಿ ಚುಕ್ಕೆಗಳೆದ್ದಾಗ, ಡಿಎನ್‌ಎ ತುಂಡುಗಳು ಕೂಡಿದವೆಂದು ಖುಷಿಯಿಂದ ಕಿರುಚಿಬಿಟ್ಟೆ.

ಪೆಟ್ಟಿಗೆ ಮನೆಗೆ ತಂದೆ. "ಎಂತದೇ ಇದ್, ಮೀನ್ ವಾಸ್ನಿ!" ಅಮ್ಮ ಅದನ್ನು ಜಗಲಿಯಿಂದಾಚೆಗೆ ಇಡಿಸಿದಳು. ಆಮೇಲೆ ಕೂತು ಕತೆಯೆಲ್ಲ ಕೇಳಿದಳು. ಮರುದಿನ ಬೆಳಿಗ್ಗೆ ಅದೇ ಪೆಟ್ಟಿಗೆಗೆ ಬಾಳೆಲೆ ಹಾಸಿ, ಹಲಸಿನೆಲೆಯಲ್ಲಿ ಬೇಯಿಸಿದ ಬಿಸಿ ಕೊಟ್ಟೆಕಡುಬು ತುಂಬುತ್ತಿದ್ದಳು.

"ಅವ್ಳಿಗ್ ಕೊಟ್ಟ್ ಬಾ. ಪಾಪ, ಅವತ್ತ್ ಮೆತ್ತಗಾದ್ ಮೀನ್ ಯಾರ್ ತಕಂಡಿರ್ತ್ರ್?"

ಗಿರಿಜಕ್ಕ ಪೆಟ್ಟಿಗೆಯನ್ನು ಬರಿದಾಗಿ ಮರಳಿಸಲಿಲ್ಲ; ನಮ್ಮ ಮನೆಗೆ ಏನು ಸಲ್ಲುತ್ತದೆಂದು ಯೋಚಿಸಿ, ಒಂದು ಮೊಳ ಅಬ್ಬಲಿಗೆ ಹೂ ಕಳಿಸಿದಳು. ಅಬ್ಬಲಿಗೆಗೆ ತನ್ನದೇ ಪರಿಮಳವಿಲ್ಲ, ನಿಮಗೆ ಗೊತ್ತಲ್ಲ. ಪೆಟ್ಟಿಗೆಯ ವಾಸನೆಯನ್ನೆಲ್ಲ ಅದು ಹೊತ್ತು ಬಂದಿತ್ತು. ಅಮ್ಮ ಮೂಗಿನ ಹತ್ತಿರ ಹಿಡಿದಳು, ನನ್ನ ಮುಖ ನೋಡಿದಳು, ಹಾಗೇ ಮುಡಿದುಕೊಂಡಳು.