ಎರಡು ನಡುವಿನ ಎಳೆ ಹುಡುಕುವಾಕೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಐವತ್ತು ದಾಟಿದ ಮಹಿಳೆಯೊಬ್ಬರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದಾರೆ. ಬಲಗೈ ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟೇ ಸರಿಸುತ್ತದೆ. ಎಡಗೈ ಹೆಬ್ಬೆರಳು ಎಣಿಕೆಯ ಗುಂಡಿ ಒತ್ತುತ್ತದೆ. ಟಕ್. ಮತ್ತೆ ಮೌನ. ಮೇಲಿನ ಮಹಡಿಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಈ ಬಾಗಿಲು ತಟ್ಟುವವರು ಮಾತ್ರ ಅಪರೂಪ. ಆಸ್ಪತ್ರೆಯವರ ಬಾಯಲ್ಲಿ ಇವರು 'ಎಣಿಕೆಯಮ್ಮ'.

ವಿಕಿರಣ ಸೋರಿದಾಗ ಯಾರ ಮೈಗೆ ಎಷ್ಟು ತಗುಲಿತೆಂದು ರಕ್ತದಿಂದಲೇ ಅಂದಾಜು ಮಾಡುವುದು ಇವರ ಕೆಲಸ. ಬಿಳಿ ರಕ್ತಕಣಗಳನ್ನು ಎರಡು ದಿನ ಬೆಚ್ಚಗಿಟ್ಟು ಬೆಳೆಸಿ ಬಣ್ಣ ಹಾಕಿದರೆ ಒಳಗಿನ ವರ್ಣತಂತುಗಳು ಕಾಣುತ್ತವೆ. ಆರೋಗ್ಯವಾದ ತಂತುವಿಗೆ ಸೊಂಟದಂತೆ ಕಿರಿದಾದ ಒಂದೇ ನಡು. ವಿಕಿರಣಕ್ಕೆ ತುಂಡಾಗಿ ಅಡ್ಡಾದಿಡ್ಡಿ ಬೆಸೆದುಕೊಂಡದ್ದಕ್ಕೆ ಎರಡು. ಅಂಥವು ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಒಬ್ಬೊಬ್ಬರದೂ ಐನೂರು ಕಣಗಳನ್ನಾದರೂ ನೋಡಬೇಕು. "ದಿನವೆಲ್ಲ ಎರಡು ನಡು ಹುಡುಕ್ತೀನಿ. ನನಗಿರೋದು ಒಂದೇ ನಡು, ಅದೂ ಸಂಜೆಗೆ ಹಿಡ್ಕೊಳ್ಳುತ್ತೆ" ಎಂದು, ಮಾತಾಡಿಸಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಗೆ ಜನವಿಲ್ಲ. ಇಲ್ಲಿಗೆ ಬರುವುದು ಸಂಖ್ಯೆ ಅಂಟಿಸಿದ ಕೊಳವೆಗಳು, ಮನುಷ್ಯರಲ್ಲ. ವರದಿ ಮೇಲಕ್ಕೆ ಹೋದ ಮೇಲೆ ರಕ್ತ ಕೊಟ್ಟವರೇನಾದರೆಂದು ಯಾರೂ ತಿಳಿಸುವುದಿಲ್ಲ. "ಅವರ ಒಳಗಿನ ಒಳಗನ್ನ ನೋಡಿರ್ತೀನಿ. ದಾರೀಲಿ ಎದುರು ಬಂದ್ರೆ ಗುರುತು ಸಿಗಲ್ಲ."

ಒಬ್ಬ ಮಾತ್ರ ಹುಡುಕಿಕೊಂಡು ಬಂದಿದ್ದ. ಲೋಹದ ಬೆಸುಗೆಗಳಲ್ಲಿ ಬಿರುಕಿದೆಯೇ ಎಂದು ವಿಕಿರಣ ಹಾಯಿಸಿ ನೋಡುವ ಕಾರ್ಖಾನೆಯ ಕೆಲಸಗಾರ. ಅಲ್ಲೊಂದು ಅವಘಡವಾಗಿ, ಅವನ ಅಂಗಿಯ ಮೇಲಿನ ಅಳತೆಬಿಲ್ಲೆ ಎದೆ ನಡುಗಿಸುವಷ್ಟು ವಿಕಿರಣ ತೋರಿಸಿತ್ತು. ಸೆಕೆಯೆಂದು ಅಂಗಿ ಬಿಚ್ಚಿ ಯಂತ್ರದ ಪಕ್ಕ ನೇತುಹಾಕಿ ತಾನು ಊಟಕ್ಕೆ ಹೋಗಿದ್ದೆನೆಂದು ಬಡಕೊಂಡರೂ ಯಾರೂ ನಂಬಲಿಲ್ಲ. ಜೊತೆಯವರು ಪಕ್ಕ ಕೂರುವುದನ್ನೇ ಬಿಟ್ಟರು. ರಕ್ತ ಕೊಟ್ಟು ನಾಲ್ಕೈದು ದಿನವಾಗಿರಬೇಕು, ಈ ಬಾಗಿಲಲ್ಲಿ ಬಂದು ನಿಂತ.

"ಅಮ್ಮಾ, ನನ್ನ ರಕ್ತ ಏನಂತು?"

ನಿಯಮದ ಪ್ರಕಾರ ಎಣಿಕೆಯಮ್ಮ ಬಾಯಿ ಬಿಡುವಂತಿರಲಿಲ್ಲ. ಆದರೆ ಎಣಿಕೆ ಆಗಷ್ಟೇ ಮುಗಿದಿತ್ತು. ಎರಡು ನಡುವಿನದು ಒಂದೂ ಸಿಕ್ಕಿರಲಿಲ್ಲ.

"ನೀನು ಹೇಳಿದ್ದೇ ನಿಜ ಕಣಪ್ಪ. ಪೆಟ್ಟು ಬಿದ್ದಿದ್ದು ಅಂಗಿಗೆ, ನಿನಗಲ್ಲ."

ಅವನು ಗೋಡೆಗೊರಗಿದ. "ಹಾಗಾದ್ರೆ ಮಗೂನ ಎತ್ಕೋಬಹುದಾ?" ಎಂದ.

"ಯಾಕೆ, ಇಷ್ಟು ದಿನ ಎತ್ಕೊಂಡಿಲ್ವಾ?"

"ಮಹಡಿ ಮೇಲೆ ಒಬ್ಬನೇ ಮಲಗ್ತೀನಿ. ತಟ್ಟೇನೂ ಬೇರೆ. ನನ್ನಿಂದ ಅಂಟುತ್ತೆ ಅಂತ ಹೆಂಡ್ತಿಗೂ ಭಯ, ನನಗೂ ಭಯ."

ಎಣಿಕೆಯಮ್ಮ ಕುರ್ಚಿಯಿಂದ ಎದ್ದು ಬಂದರು. ಆ ಯಂತ್ರದ ವಿಕಿರಣ ನಿಜವಾಗಿ ಬಿದ್ದಿದ್ದರೂ ಅದು ಮೈಯಿಂದ ಮೈಗೆ ಅಂಟುವ ನೆಗಡಿಯಲ್ಲ. ಸೂಜಿ ಚುಚ್ಚಿದವರಿಂದ ಹಿಡಿದು ಸಹಿ ಹಾಕಿದವರವರೆಗೆ ಈ ಒಂದು ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಇವರು ಹೇಳಿದರು. ಹೇಳಿದ್ದು ಸಾಲದೆನಿಸಿ ಅವನ ಎರಡೂ ಕೈ ಹಿಡಿದುಕೊಂಡರು. ಅವನು ಮಗುವಿನ ಹಾಗೆ ಅತ್ತ. ಮೆಟ್ಟಿಲು ಹತ್ತುತ್ತಲೇ ಮನೆಗೆ ಫೋನ್ ಮಾಡಿ, "ಬಾಗಿಲು ತೆಗ್ದಿಡು, ಒಳಗೆ ಬರ್ತೀನಿ" ಎಂದದ್ದು ಕೆಳಗೂ ಕೇಳಿಸಿತು.

ಬಾಯಿ ಬಿಟ್ಟದ್ದಕ್ಕೆ ಮೇಲಿನವರಿಂದ ಬೈಗುಳ ಬಿತ್ತು. ಈಗಲೂ ಅಂಥ ಅವಘಡದ ಕೊಳವೆ ಬಂದರೆ ಎಣಿಕೆಯಮ್ಮ ರಕ್ತ ತೆಗೆದ ದಾದಿಗೆ ಮೊದಲು ಫೋನ್ ಮಾಡುತ್ತಾರೆ: ಅಂಟೋದಿಲ್ಲ ಅಂತ ಅವರಿಗೆ ಹೇಳಿದ್ರಾ?

"ಅವತ್ತು ಮನೆಗೆ ಹೋದ್ಮೇಲೆ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು" ಎನ್ನುತ್ತಾರೆ ಕನ್ನಡಕ ಒರೆಸುತ್ತಾ. "ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕದ ಮನೆಗೆ ಬೀಗ. ಇರ್ಲಿ ಬಿಡಿ, ಇವತ್ತು ನಿಮಗೆ ಹೇಳಿದ್ನಲ್ಲ."