ಏಳು ಸೀಳಿನ ಎಲೆ

ತಿವೈವೈ ಹೊದಿಕೆಗೆ ಬಟ್ಟೆ ಮಡಿಸಿ ನಮೂನೆ ಕತ್ತರಿಸುವ ಹೆಂಗಸರು ಐತುತಾಕಿ ದ್ವೀಪದಲ್ಲಿ ಹಲವರಿದ್ದರು. ತೆಪಾಯೆರುವಿನಷ್ಟು ಅನುಮಾನದವಳು ಮಾತ್ರ ಒಬ್ಬಳೇ. ಗೆಳತಿಯರು ಕೇಳಿದರೆ ನಮೂನೆಯ ಕಾಗದ ಕೊಡುತ್ತಿದ್ದಳು, ಆದರೆ ಕೊಡುವ ಮುಂಚೆ ಒಳಗೆ ಹೋಗಿ ಒಂದು ಎಲೆಯ ಸೀಳು ಕಡಿಮೆ ಮಾಡಿ ಬೇರೆ ಕಾಗದ ಬರೆದು ತರುತ್ತಿದ್ದಳು. ಯಾರಾದರೂ ಕದ್ದು ಬೇರೆಯವರಿಗೆ ಕೊಟ್ಟರೆ ಸೀಳು ಎಣಿಸಿ ಹಿಡಿಯಬಹುದಲ್ಲ ಎಂಬುದು ಅವಳ ಲೆಕ್ಕಾಚಾರ. ದೀವಿಹಲಸಿನ ಎಲೆಯ ನಮೂನೆಯನ್ನಂತೂ ಇಪ್ಪತ್ತು ವರ್ಷದ ಹಿಂದೆ ಆಪ್ತ ಗೆಳತಿ ನಾಪೊಕೊಗೆ ಬಿಟ್ಟು ಇನ್ನಾರಿಗೂ ಕೊಟ್ಟಿರಲಿಲ್ಲ. ಅಸಲಿಗೆ ಏಳು ಸೀಳು, ನಾಪೊಕೊಳ ಕಾಗದಕ್ಕೆ ಆರು.

ಮೊಮ್ಮಗನ ಮೊದಲ ಕೂದಲು ಕತ್ತರಿಸುವ ಶಾಸ್ತ್ರದ ದಿನ ಅವನ ಕುರ್ಚಿಗೆ ಹೊದಿಸಿದ್ದು ಆ ಅಸಲಿ ಹೊದಿಕೆಯನ್ನೇ. ಬಾಗಿಲಲ್ಲಿ ಬುಟ್ಟಿ ಇಟ್ಟು, ಯಾರೂ ಅದರ ಚಿತ್ರ ತೆಗೆಯದಿರಲೆಂದು ಬಂದವರ ಫೋನುಗಳನ್ನೆಲ್ಲ ಹಾಕಿಸಿಕೊಂಡಳು.

"ಊಟಕ್ಕೆ ಕರೆದಿದೀಯೋ, ಜೈಲಿಗೋ?" ಎಂದಳು ನಾಪೊಕೊ.

"ನಿನ್ನಂಥೋರು ಬರ್ತಾರೆ ಅಂತಾನೇ ಬುಟ್ಟಿ ಇಟ್ಟಿರೋದು."

ನಾಪೊಕೊ ನಕ್ಕು ಮೊದಲು ತನ್ನದನ್ನೇ ಹಾಕಿದಳು.

ಐದು ತಿಂಗಳಾದ ಮೇಲೆ ಯಾರೋ ಫೋನಿನಲ್ಲಿ ತೋರಿಸಿದರು: ರಾರೊತೊಂಗಾ ದ್ವೀಪದ ಒಂದು ಅಂಗಡಿಯಲ್ಲಿ ಅದೇ ದೀವಿಹಲಸಿನ ಎಲೆ, ಯಂತ್ರದಲ್ಲಿ ಅಚ್ಚು ಹಾಕಿದ ಹಾಸಿಗೆ ಹೊದಿಕೆಗಳ ಮೇಲೆ. ಕತ್ತರಿಸಿದವಳ ಹೆಸರು ಎಲ್ಲಿಯೂ ಇಲ್ಲ. ತೆಪಾಯೆರುವಿಗೆ ಮೈ ಉರಿದುಹೋಯಿತು. ಚಿತ್ರ ಬೆರಳಿನ ಉಗುರಿನಷ್ಟಿತ್ತು, ಸೀಳು ಎಣಿಸಲು ಆಗುವಂತಿರಲಿಲ್ಲ. ಎಣಿಸುವ ತಾಳ್ಮೆಯೂ ಅವಳಿಗಿರಲಿಲ್ಲ.

ಶುಕ್ರವಾರ ಚರ್ಚಿನ ಸಭಾಂಗಣದಲ್ಲಿ ಹೊಲಿಗೆಯವರೆಲ್ಲ ಕೂತಿದ್ದರು. ಅವಳ ಮತ್ತು ನಾಪೊಕೊಳ ನಡುವೆ ಅರ್ಧ ಮುಗಿದ ಒಂದು ತಿವೈವೈ ಹರಡಿತ್ತು. ಇಬ್ಬರಲ್ಲಿ ಯಾರು ಮೊದಲು ಸತ್ತರೂ ಅವರಿಗೆ ಸುತ್ತಿ ಮಣ್ಣು ಮಾಡಬೇಕೆಂದು ಹೊಲಿಯುತ್ತಿದ್ದ ಹೊದಿಕೆ ಅದು. ಅದರ ದೀವಿಹಲಸಿನ ಎಲೆಗಳನ್ನು ಕತ್ತರಿಸಿಕೊಟ್ಟವಳೂ ತೆಪಾಯೆರುವೇ.

"ನಿನ್ನ ತಂಗಿ ಮಗಳು ಆ ಅಂಗಡೀಲೇ ತಾನೇ ಕೂತಿರೋದು? ನಾನೇನು ಕಣ್ಣು ಮುಚ್ಕೊಂಡಿದೀನಿ ಅಂದ್ಕೊಂಡ್ಯಾ?" ಎಂದಳು ತೆಪಾಯೆರು.

ನಾಪೊಕೊ ಸೂಜಿಯನ್ನು ಡಬ್ಬಿಗೆ ಹಾಕಿದಳು. "ಮೂವತ್ತು ವರ್ಷ ಜೊತೇಲಿ ಹೊಲಿದಿದೀವಿ ಕಣೇ. ಇದನ್ನ ಕೇಳೋಕೆ ಮನೆಗೆ ಬರಬಹುದಿತ್ತು," ಎಂದು ಎದ್ದು ಹೋದಳು. ಮುಂದಿನ ಶುಕ್ರವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಸಾಕ್ಷಿ ಬೇಕೆಂದು ತೆಪಾಯೆರು ಆ ಅಂಗಡಿಯ ಹೊದಿಕೆಯೊಂದನ್ನು ತರಿಸಿದಳು. ಮಂಚದ ಮೇಲೆ ಹರಡಿ ಎಣಿಸಿದಳು. ಏಳು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ಆಗಲೂ ಏಳೇ.

ಊರಿಗೆ ಫೋನುಗಳು ಬಂದ ಮೇಲೆ ಏಳು ಸೀಳಿನ ಹೊದಿಕೆ ಬೀರುವಿನಿಂದ ಹೊರಗೆ ಬಂದದ್ದು ಒಂದೇ ದಿನ, ಆ ದಿನ ಬುಟ್ಟಿಗೆ ಬೀಳದ ಫೋನೂ ಒಂದೇ, ಅವಳದು. ತನ್ನ ಫೇಸ್‌ಬುಕ್ ತೆಗೆದು ನೋಡಿದಳು. ಆಕ್ಲೆಂಡಿನ ಮಗಳು ನೋಡಲೆಂದು ತಾನೇ ಹಾಕಿದ ಚಿತ್ರ ಅಲ್ಲಿತ್ತು, ಊರಿಗೆಲ್ಲ ಕಾಣುವ ಹಾಗೆ. ನಮೂನೆ ಯಾರದೆಂದು ಒಂದಕ್ಷರವೂ ಇರಲಿಲ್ಲ. ಕೆಳಗೆ ಹೊಗಳಿಕೆಗಳ ನಡುವೆ ಅಪರಿಚಿತನೊಬ್ಬನ ಸಾಲು: 'ಈ ವಿನ್ಯಾಸ ಬಳಸಿಕೊಳ್ಳಬಹುದೇ?' ಎಲ್ಲರಿಗೂ ಒತ್ತಿದಂತೆ ಅದಕ್ಕೂ ಅವಳು ಕೆಂಪು ಹೃದಯ ಒತ್ತಿದ್ದಳು. ಓದಿಯೂ ಇರಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಸಲಿ ಕಾಗದವನ್ನೂ ಅರ್ಧ ಹೊಲಿದ ತಿವೈವೈಯನ್ನೂ ಎತ್ತಿಕೊಂಡು ನಾಪೊಕೊಳ ಮನೆಗೆ ನಡೆದಳು. ನಾಪೊಕೊ ಹಿತ್ತಲಲ್ಲಿ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು.

"ಕೊಟ್ಟಿದ್ದು ನಾನೇ ಕಣೇ. ನನ್ನ ಫೋನಿಂದಾನೇ ಹೋಗಿದೆ. ಶುಕ್ರವಾರ ಎಲ್ಲರೆದುರು ಹೇಳ್ತೀನಿ. ತಗೋ, ಇದು ಅಸಲಿ."

ನಾಪೊಕೊ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ನಿಧಾನವಾಗಿ ಎಣಿಸಿದಳು.

"ಏಳು. ನನ್ನದು ಆರು ಅಂತ ಇಪ್ಪತ್ತು ವರ್ಷದಿಂದ ಗೊತ್ತು. ಮೊದಲ ಹೊದಿಕೆ ಹೊಲಿದಾಗಲೇ ನಿನ್ನದರ ಪಕ್ಕ ಇಟ್ಟು ನೋಡಿದ್ದೆ. ನೀನಾಗೇ ಹೇಳ್ತೀಯ ಅಂತ ಸುಮ್ಮನಿದ್ದೆ."

ನಾಪೊಕೊ ತಿವೈವೈಯ ಮಡಿಕೆ ಬಿಚ್ಚಿದಳು.

"ನೋಡು, ಇದಕ್ಕೂ ಆರೇ ಹಾಕಿದೀಯ. ಹೆಣಕ್ಕೆ ಹೊದಿಸೋದು ಕಣೇ ಇದು. ಗುಂಡಿಯಿಂದ ಎದ್ದು ಬಂದು ಮಾರ್ಕೋತೀನಿ ಅಂದ್ಕೊಂಡ್ಯಾ?"

"ಕತ್ತರಿ ಕೊಡು. ಈಗಲೇ ಏಳನೇದು ಸೀಳ್ತೀನಿ."

"ನಾನು ಸೀಳ್ತೀನಿ, ನೀನು ಬಟ್ಟೆ ಹಿಡ್ಕೋ," ಎಂದಳು ನಾಪೊಕೊ. "ನಿನ್ನ ಕೈ ಮೇಲೆ ನನಗೂ ಈಗ ನಂಬಿಕೆ ಇಲ್ಲ."