ಗಣಿ ಗೇಟಿನ ಪಾಸು, ಎದೆಯ ಪರೀಕ್ಷೆ

ಶಹಾಬಾದ್ ಹತ್ತಿರದ ಒಂದು ಕಲ್ಲುಗಣಿಗೆ ಗೇಟ್ ಪಾಸಿನ ಸಾಫ್ಟ್‌ವೇರ್ ಬರೆದುಕೊಡಲು ಒಪ್ಪಿಕೊಂಡಿದ್ದೆ. ದೂಳಿನಲ್ಲಿ ದುಡಿಯುವವರ ಎದೆ ಪರೀಕ್ಷೆಯನ್ನು ಮಾಲೀಕರೇ ಕಾಲಕಾಲಕ್ಕೆ ಮಾಡಿಸಬೇಕೆಂದು ಕಾನೂನಿದೆ. ಅದನ್ನು ಪರದೆಯ ಮೂಲೆಯಲ್ಲಿ ಸೂಚನೆಯಾಗಿ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಪಾಸಿನೊಳಗೇ ಸೇರಿಸಿಬಿಟ್ಟೆ: ಪರೀಕ್ಷೆಯ ಅವಧಿ ಮುಗಿದಿದ್ದರೆ ಪಾಸು ಅಚ್ಚಾಗುವುದೇ ಇಲ್ಲ.

ಮೊದಲ ಬೆಳಿಗ್ಗೆಯೇ ಗೇಟಿನಲ್ಲಿ ಪಾಸು ಸಿಗದವರ ಸಾಲು ನಿಂತಿತು. ಮ್ಯಾನೇಜರ್ ನನ್ನ ಕಂಪ್ಯೂಟರಿನ ಮೇಲೆ ಬಗ್ಗಿದರು.

“ಮೇಡಂ, ಒಂದ್ ಬಟನ್ ಇಡ್ರಿ. ನಾ ಒತ್ತಿದ್ರ ಪಾಸ್ ಬರ್ಬೇಕು.”

“ಇಡಂಗಿಲ್ರಿ ಸರ್.”

“ಯಾಕ?”

“ಕಾನೂನಿನಾಗ ಆ ಬಟನ್ ಇಲ್ರಿ. ಪರೀಕ್ಷಾ ಮಾಡ್ಸೋದು ನಿಮ್ಮ ಕೆಲ್ಸರಿ.”

ಹಾಗೆ ಹೇಳಿ ಒಳಗೊಳಗೇ ಬೀಗುತ್ತಿದ್ದೆ. ಅಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸೊಬ್ಬಳು ಗೇಟ್ ಆಫೀಸಿನ ಕಿಟಕಿಯ ಬಳಿ ಬಂದಳು. ನನ್ನ ತಾಯಿಯ ವಯಸ್ಸು. ಕಲ್ಲು ಹೊರುವ ಕೆಲಸ.

“ಪರೀಕ್ಷಾ ಮಾಡ್ಸೋದು ಇವ್ರ ಕೆಲ್ಸ ಅಂತಿ. ಮತ್ತ ನಿನ್ನ ಮಿಷನ್ ನನ್ನ ಯಾಕ ಹೊರಗ ನಿಲ್ಲಸ್ಲಿಕತ್ತದ, ತಂಗಿ?”

ಕಾನೂನು ಮಾಲೀಕರ ಮೇಲೆ ಹೊರಿಸಿದ ಹೊರೆಯನ್ನು ನಾನು ಅವಳ ತಲೆಗೆ ಕಟ್ಟಿದ್ದೆ.

ನಮ್ಮೂರು ಚಂದಾಪುರದ ಮನೆಗೆ ಹೋಗಿ ಎರಡು ದಿನ ಕೂತು ಎಲ್ಲವನ್ನೂ ಬಿಚ್ಚಿ ಮತ್ತೆ ಬರೆದೆ. ಅವಧಿ ಮುಗಿದವರಿಗೆ ಈಗ ದೂಳಿಲ್ಲದ ಕೆಲಸದ ಪಾಸು ಸಿಗುತ್ತಿತ್ತು, ಕೂಲಿ ಮೊದಲಿನಷ್ಟೇ. ನಿಲ್ಲುತ್ತಿದ್ದುದು ಮ್ಯಾನೇಜರರ ಪರದೆ, ಅದರ ಮೇಲೆ ಅವರ ಹೆಸರು. ಡಾಕ್ಟರ್ ಬರುವ ದಿನವನ್ನು ತುಂಬುವವರೆಗೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ.

ಮ್ಯಾನೇಜರ್ ಕೆಂಡವಾದರು. “ಇದ್ರಾಗ ನನ್ನ ಹೆಸರ್ ಯಾಕ ಬರ್ಲಿಕತ್ತದ?”

“ಜವಾಬ್ದಾರಿ ನಿಮ್ದೇ ಅದರಿ.”

“ತೆಗೀರಿ. ಇಲ್ಲಾಂದ್ರ ಬ್ಯಾರೆಯವ್ರ ಕಡಿಂದ ಮಾಡಿಸ್ತೀನಿ.”

“ಮಾಡಸ್ರಿ. ನಾ ಅಂತೂ ತೆಗಿಯಂಗಿಲ್ಲ.”

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ತಪಾಸಣೆಯ ಅಧಿಕಾರಿಗಳು ಮುಂದಿನ ವಾರ ಬರುವವರಿದ್ದರು, ಅಷ್ಟರಲ್ಲಿ ಬೇರೆಯವರನ್ನು ಹುಡುಕಲು ಮ್ಯಾನೇಜರರಿಗೆ ಸಮಯವಿರಲಿಲ್ಲ. ಹಲ್ಲು ಕಚ್ಚಿ ದಿನಾಂಕ ತುಂಬಿದರು.

ಡಾಕ್ಟರು ಬಂದರು. ಆ ಹೆಂಗಸಿನ ಎದೆಯಲ್ಲಿ ದೂಳಿನ ರೋಗ ಆಗಲೇ ಶುರುವಾಗಿತ್ತು. ಅವಳನ್ನು ದೂಳಿಲ್ಲದ ತೂಕದ ಕೋಣೆಯ ಕೆಲಸಕ್ಕೆ ಹಾಕಬೇಕಾಯಿತು. “ಭಾಳ ಮುಂದಕ್ಕ ಹೋಗಿಲ್ಲಂತ,” ಎಂದಳು ನನಗೆ.

ಆ ಗಣಿಯಿಂದ ನನಗೆ ಮತ್ತೆ ಕೆಲಸ ಬರಲಿಲ್ಲ. ನಾನು ಹಟಮಾರಿ ಎಂಬ ಸುದ್ದಿ ಪಕ್ಕದೂರು ವಾಡಿಯವರೆಗೂ ಹೋಗಿದೆಯಂತೆ. ಹೋಗಲಿ. ಈಗ ಸೇಡಂನ ಕಲ್ಲು ಪಾಲಿಶ್ ಕಾರ್ಖಾನೆಯೊಂದಕ್ಕೆ ಬರೆಯುತ್ತಿದ್ದೇನೆ. ಅಲ್ಲಿ ಮಿಷನ್ನಿನ ಸದ್ದು ಜಾಸ್ತಿ. ಕಿವಿಯ ಪರೀಕ್ಷೆಯನ್ನೂ ಸೇರಿಸಿದ್ದೇನೆ.